ಸೊರಬದ ಕಡೆಯ ನಮ್ಮೂರಿನ ಚರಿತ್ರೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಕೆರೆಕೋಡಿ (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ಸೊರಬ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಮೂವತ್ತು ಚಿಲ್ಲರೆ ಮನೆ. ಬಸ್ಸು ಮೇನ್ ರೋಡಿಗೆ ಮಾತ್ರ ಬರುತ್ತದೆ, ಅಲ್ಲಿಂದ ಒಳಗೆ ನಡೆಯಬೇಕು.

ಹೋದ ವರ್ಷ ಅಪ್ಪ ತೀರಿಕೊಂಡರು. ಜಮೀನು ನಮ್ಮ ಹೆಸರಿಗೆ ಬರಲಿ ಅಂತ ಪೌತಿ ಖಾತೆ ಮಾಡಿಸಲು ನಾನೂ ತಮ್ಮನೂ ಪಹಣಿ ಹರವಿಕೊಂಡು ಕೂತಿದ್ದೆವು. ಪಹಣಿ ತುಂಬ ಸರ್ವೆ ನಂಬರು. ಅಪ್ಪನ ಬಾಯಲ್ಲಿ ಒಂದು ದಿನವೂ ಆ ನಂಬರು ಬಂದಿರಲಿಲ್ಲ. ಅವರಿಗೆ ಅದು ಕೋಣನಮಕ್ಕಿ, ಬಿಳಿಕಲ್ಲು ಗದ್ದೆ, ಹಳೇಮನೆ ಹಕ್ಕಲು, ಅತ್ತೆಬೈಲು. ಯಾವ ಹೆಸರು ಯಾವ ನಂಬರಿನದು ಅಂತ ಕೂಡಿಸಲು ಹೋದರೆ ನಮ್ಮಿಬ್ಬರಿಗೂ ಅರ್ಧ ಗೊತ್ತಿಲ್ಲ. ಅತ್ತೆಬೈಲಿಗೆ ಆ ಹೆಸರು ಯಾಕೆ ಬಂತು ಅಂತ ಕೇಳೋಣ ಅಂದರೆ ಅಪ್ಪ ಇಲ್ಲ.

ಅವತ್ತಿಂದ ನನಗೆ ಇದೇ ಯೋಚನೆ. ನಮ್ಮೂರಿನ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ. ಶಿಕಾರಿಪುರದ ಕಡೆ ತಾಳಗುಂದ ಇದೆ, ಬಳ್ಳಿಗಾವಿ ಇದೆ. ಸಾಗರದ ಕಡೆ ಕೆಳದಿ, ಇಕ್ಕೇರಿ. ನಮ್ಮಲ್ಲಿ ಇರುವುದು ಒಂದು ಕೆರೆ, ಒಂದು ಚೌಡಿ ಬನ, ಊರ ಹಿಂದೆ ಕಾನು, ಕೋಡಿಯ ಹತ್ತಿರ ಒಂದು ಕಲ್ಲು. ಆ ಕಲ್ಲನ್ನು ಎಲ್ಲರೂ ಮಾಸ್ತಿಕಲ್ಲು ಅನ್ನುತ್ತಾರೆ, ಗಂಡನ ಜೊತೆ ಸಹಗಮನ ಮಾಡಿದ ಹೆಂಗಸಿನ ನೆನಪಿನ ಕಲ್ಲು ಅಂತ. ಅದರ ಮೇಲೆ ಎಂಥದೋ ಬರೆದಿದೆ, ಪಾಚಿ ಕಟ್ಟಿದೆ. ನಾನು ಚಿಕ್ಕವಳಿದ್ದಾಗ ಅದರ ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದರು.

ಇಷ್ಟರಿಂದ ಒಂದು ಊರಿನ ಚರಿತ್ರೆ ಬರೆಯಲು ಆಗುತ್ತದಾ? ಗೊತ್ತಿದ್ದವರು ದಾರಿ ಹೇಳಿ.


ವರದೆ ದಂಡೆ:

ಖಂಡಿತ ಆಗುತ್ತದೆ. ಆದರೆ ರಾಜರಿಂದ ಶುರು ಮಾಡಬೇಡಿ. ನೀರಿನಿಂದ ಶುರು ಮಾಡಿ.

ನಿಮ್ಮ ಕೆರೆಯ ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ. ಸೊರಬದ ಕಡೆಯಾದರೆ ಜಾಸ್ತಿ ಪಾಲು ದಂಡಾವತಿಗೋ ನೇರ ವರದೆಗೋ ಸೇರುತ್ತದೆ. ದಂಡಾವತಿಯೂ ಕಡೆಗೆ ವರದೆಗೇ ಬರುತ್ತದೆ. ವರದೆ ಹುಟ್ಟುವುದು ಸಾಗರದ ಹತ್ತಿರ ವರದಾಮೂಲದಲ್ಲಿ. ಅಲ್ಲಿಂದ ಉತ್ತರಕ್ಕೆ ಹರಿದು, ಬನವಾಸಿಯನ್ನು ಬಳಸಿಕೊಂಡು, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತದೆ. ಅಲ್ಲಿಂದ ಕೃಷ್ಣೆ, ಆಮೇಲೆ ಬಂಗಾಳ ಕೊಲ್ಲಿ. ಅದೇ ಸಾಗರ ತಾಲ್ಲೂಕಿನಲ್ಲಿ ಒಂದು ದಿಣ್ಣೆ ದಾಟಿ ಆಚೆ ಬಿದ್ದ ಮಳೆ ಶರಾವತಿಗೆ ಹೋಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ನಮ್ಮ ಊರುಗಳು ಇರುವುದು ಇಂಥ ನೆಲದ ಮೇಲೆ. ಒಂದು ದಿಣ್ಣೆಯ ಆಚೆಗೂ ಈಚೆಗೂ ಬೇಸಾಯವೇ ಬೇರೆ ಆಗುತ್ತದೆ.

ಮಳೆಯನ್ನೂ ಬರೆಯಿರಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಅದೇ ಜಿಲ್ಲೆಯಲ್ಲಿ ಶಿಕಾರಿಪುರದ ಕಡೆ ಬಂದರೆ ಸಾವಿರದ ಆಸುಪಾಸು. ಸೊರಬ ಈ ಎರಡರ ನಡುವೆ ಸಿಕ್ಕಿಕೊಂಡ ಊರು, ಅರೆಮಲೆನಾಡು. ಘಟ್ಟದ ಅಂಚಿನವರಿಗೆ ನೀರು ಹೋದರೆ ಸಾಕು ಅನ್ನುವ ಚಿಂತೆ. ನಮಗೆ ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಬೇಕು. ಅದಕ್ಕೇ ನಮ್ಮ ಕಡೆ ಪ್ರತಿ ಊರಿಗೂ ಕೆರೆ, ಕೆಲವು ಊರಿಗೆ ನಾಲ್ಕೈದು.

ಈ ಕೆರೆ ಕಟ್ಟುವ ಕೆಲಸ ನಿನ್ನೆ ಮೊನ್ನೆಯದಲ್ಲ. ನೀವು ಹೇಳಿದ ತಾಳಗುಂದದ ಕಂಬದ ಶಾಸನ ಇದೆಯಲ್ಲ, ಮಯೂರಶರ್ಮ ಕಂಚಿಗೆ ಓದಲು ಹೋಗಿ ಅಲ್ಲಿ ಜಗಳವಾಗಿ ರಾಜ್ಯ ಕಟ್ಟಿದ ಕತೆ ಹೇಳುವ ಶಾಸನ. ಅದನ್ನು ಬರೆಸಿದ ನೆಪವೇ ಒಂದು ಕೆರೆ. ಕಾಕುಸ್ಥವರ್ಮ ಅಲ್ಲಿಯ ಶಿವ ದೇವಸ್ಥಾನದ ಹತ್ತಿರ ಕೆರೆ ಕಟ್ಟಿಸಿದ. ಅದನ್ನು ಹೇಳಲು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನುವ ಕವಿ ಸಂಸ್ಕೃತದಲ್ಲಿ ಪದ್ಯ ಬರೆದ. 5ನೇ ಶತಮಾನದ ಮಾತು. ಕದಂಬರ ಮೂಲ ನಮಗೆ ಗೊತ್ತಾಗಿದ್ದು ಒಂದು ಕೆರೆಯ ದೆಸೆಯಿಂದ.

ಹಾಗಾಗಿ ನಿಮ್ಮ ಕೆರೆಗೆ ಒಂದು ಸುತ್ತು ಹಾಕಿ. ಏರಿ ಎಷ್ಟು ಉದ್ದ, ತೂಬು ಕಲ್ಲಿನದೋ ಸಿಮೆಂಟಿನದೋ, ಎಷ್ಟು ಗದ್ದೆಗೆ ನೀರು ಹೋಗುತ್ತದೆ, ಯಾವ ಮನೆಯವರು ತೂಬು ಎತ್ತುತ್ತಿದ್ದರು. ಇಷ್ಟು ಬರೆದುಕೊಂಡರೆ ನಿಮ್ಮ ಮೊದಲ ಅಧ್ಯಾಯ ಆಯ್ತು.


ಸರಪಳಿ:

ನಾನು ಭೂಮಾಪಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಪಹಣಿ ನೋಡಿ ನೊಂದುಕೊಂಡಿದ್ದೀರಿ, ಹಾಗಾಗಿ ಬರೆಯುತ್ತಿದ್ದೇನೆ.

ಗ್ರಾಮ ನಕಾಶೆ ತರಿಸಿಕೊಳ್ಳಿ. ಸರ್ವೆ ಇಲಾಖೆಯಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಗದ್ದೆಯಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಹಳಬರೊಬ್ಬರನ್ನು ಜೊತೆಗೆ ಕರೆದುಕೊಂಡು ನಡೆಯಿರಿ. ಅವರು ಹೆಸರು ಹೇಳಲಿ, ನೀವು ನಂಬರು ನೋಡಿ, ನಕಾಶೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಆದರೆ ಮೊಬೈಲ್ ನೋಡಿ ಯಾರ ಹತ್ತಿರವೂ ಗಡಿ ಜಗಳ ಮಾಡಬೇಡಿ, ಅದು ಕೆಲವು ಕಡೆ ಅಡಿಗಟ್ಟಲೆ ತಪ್ಪು ತೋರಿಸುತ್ತದೆ.

ಜಮೀನು ಅಳೆದು ಬರೆದಿಟ್ಟ ಹಳೆಯ ಟಿಪ್ಪಣಿ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಅಳತೆ ಸರಪಳಿ, ಆಣೆಯಲ್ಲಿ ಇರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಅಗಲ ಒಂದು ಸರಪಳಿ ಉದ್ದ ಅಂದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ.

ಇನ್ನು ಹೆಸರುಗಳು. ನೀವು ಕೊಟ್ಟ ನಾಲ್ಕು ಹೆಸರಲ್ಲೇ ನಿಮ್ಮ ಊರಿನ ಉಬ್ಬುತಗ್ಗು ಇದೆ. ಮಕ್ಕಿ ಅಂದರೆ ದಿಣ್ಣೆಯ ಕಡೆಯ ಗದ್ದೆ, ಮಳೆ ನೀರನ್ನೇ ನಂಬಿಕೊಂಡಿದ್ದು. ಬೈಲು ಅಂದರೆ ತಗ್ಗಿನಲ್ಲಿ ನೀರು ನಿಲ್ಲುವ ಒಳ್ಳೆಯ ಗದ್ದೆ. ಹಕ್ಕಲು ಒಣ ಜಾಗ. ಬ್ಯಾಣ ಇದ್ದರೆ ಅದು ದನ ಮೇಯಿಸುವ ಹುಲ್ಲಿನ ಬಯಲು. ಜಡ್ಡಿ ಅಂದರೆ ಕಾಲು ಹೂಳುವ ಜೌಗು. ಇವೆಲ್ಲ ನಮ್ಮ ಜಿಲ್ಲೆಯ ದೊಡ್ಡ ಹೆಸರುಗಳಲ್ಲೂ ಇವೆ. ಲಿಂಗನಮಕ್ಕಿ, ಸಕ್ರೆಬೈಲು, ಮಂಡಗದ್ದೆ. ಅಣೆಕಟ್ಟು, ಆನೆ ಬಿಡಾರ, ಪಕ್ಷಿಧಾಮ ಅಂತ ನಾವು ಈಗ ನೆನಪಿಟ್ಟುಕೊಂಡಿದ್ದೇವೆ. ಹೆಸರು ಮಾತ್ರ ಮೊದಲು ಗದ್ದೆ ಉತ್ತವರು ಇಟ್ಟಿದ್ದು.

ಹಳೇಮನೆ ಹಕ್ಕಲು ಅಂದರಲ್ಲ, ಅಲ್ಲಿ ಗಿಡದ ಬುಡದಲ್ಲಿ ಹೆಂಚಿನ ಚೂರು, ಮಣ್ಣಿನ ಗೋಡೆಯ ದಿಬ್ಬ, ಹಾಳುಬಾವಿ ಏನಾದರೂ ಇದೆಯಾ ನೋಡಿ. ಊರು ಮೊದಲು ಅಲ್ಲೇ ಇದ್ದಿರಬಹುದು. ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಬರುತ್ತದೆ. ಊರಿನ ಹೆಸರು, ಗಡಿ, ನಕಾಶೆ ಎಲ್ಲ ಇರುತ್ತದೆ, ಮನೆ ಒಂದೂ ಇರುವುದಿಲ್ಲ. ಮಲೆನಾಡಿನಲ್ಲಿ ಇಂಥವು ಬೇಕಾದಷ್ಟಿವೆ. ಚಳಿಜ್ವರ, ಪ್ಲೇಗು ಬಂದು ಜನ ಸತ್ತರು, ಉಳಿದವರು ಬಿಟ್ಟು ಹೋದರು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹೆದರುತ್ತಿದ್ದ ಕಾಲ ಅದು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆ ಮನೆಗೆ ಡಿಡಿಟಿ ಹೊಡೆದ ಮೇಲೆ ಈ ಕಡೆ ಜನ ನಿಂತರು. ನಿಮ್ಮೂರಿನ ಹಳಬರಿಗೆ ಡಿಡಿಟಿ ಹೊಡೆಯುವವರ ನೆನಪು ಇರಬಹುದು, ಕೇಳಿ.


ಶಿಕಾರಿಪುರದ ಮೇಷ್ಟ್ರು:

ಕೋಡಿಯ ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಮಾಸ್ತಿಕಲ್ಲೋ ವೀರಗಲ್ಲೋ ಅಂತ ಗುರುತು ಹಿಡಿಯುವುದು ಸುಲಭ. ಮಾಸ್ತಿಕಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಕಂಬ, ಅದರಿಂದ ಹೊರಟ ಹೆಂಗಸಿನ ತೋಳು ಇರುತ್ತದೆ. ಮೊಣಕೈ ಮಡಚಿ ಅಂಗೈ ಮೇಲೆತ್ತಿರುತ್ತದೆ, ಕೈ ತುಂಬ ಬಳೆ, ಎಷ್ಟೋ ಕಡೆ ಬೆರಳ ನಡುವೆ ನಿಂಬೆಹಣ್ಣು. ವೀರಗಲ್ಲು ಬೇರೆ ಥರ. ಮೂರು ಅಂತಸ್ತು ಇರುತ್ತದೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ. ನಡುವೆ ಸತ್ತವನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಮೇಲೆ ಸೂರ್ಯ ಚಂದ್ರ. ಅಂತಸ್ತಿನ ನಡುವಿನ ಪಟ್ಟಿಯಲ್ಲಿ ಬರವಣಿಗೆ ಇರುತ್ತದೆ.

ಕೆಳಗಿನ ಅಂತಸ್ತಿನಲ್ಲಿ ದನ ಇದೆಯಾ ನೋಡಿ. ಇದ್ದರೆ ಅದು ತುರುಗೊಳ್, ಅಂದರೆ ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಿ ಸತ್ತವನ ಕಲ್ಲು. ಅವನು ರಾಜನೂ ಅಲ್ಲ, ಸೇನಾಪತಿಯೂ ಅಲ್ಲ. ಊರಿನವನು.

ಓದುವ ಕ್ರಮ ಹೇಳುತ್ತೇನೆ, ದಯವಿಟ್ಟು ಹೀಗೇ ಮಾಡಿ. ಮೆತ್ತನೆ ಬ್ರಷ್ಷು, ಬರೀ ನೀರು. ತಂತಿ ಬ್ರಷ್ಷು, ಆಸಿಡ್, ಸೋಪಿನ ಪುಡಿ ಯಾವುದೂ ಬೇಡ. ಸುಣ್ಣ ಅಥವಾ ಆಯಿಲ್ ಪೇಂಟ್ ಬಳಿಯಲೇಬೇಡಿ. ಭಕ್ತಿಯಿಂದ ಪೇಂಟ್ ಬಳಿದು ಅಕ್ಷರ ಮುಚ್ಚಿಹೋದ ಕಲ್ಲುಗಳನ್ನು ನಾನು ಎಷ್ಟೋ ಕಡೆ ನೋಡಿ ಸಂಕಟಪಟ್ಟಿದ್ದೇನೆ. ನಡುಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಬಿಸಿಲು ಓರೆಯಾಗಿ ಬೀಳಬೇಕು. ಇನ್ನೂ ಚೆನ್ನಾಗಿ ಕಾಣಬೇಕಾದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಯಿರಿ. ಅಕ್ಷರದ ತಗ್ಗಿಗೆಲ್ಲ ನೆರಳು ಕೂರುತ್ತದೆ.

ಅದು ಈಗಾಗಲೇ ಅಚ್ಚಾಗಿದ್ದರೂ ಆಗಿರಬಹುದು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ 1904ರಲ್ಲಿ ಬಂತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಸೊರಬದ್ದೇ ನೂರಾರು ಇವೆ, ಅದರಲ್ಲಿ ವೀರಗಲ್ಲು ಬೇಕಾದಷ್ಟು. ಊರಿನ ಹೆಸರು ಹಿಡಿದು ಹುಡುಕಿ. ಪುಸ್ತಕದಲ್ಲಿ ಇಲ್ಲದೆ ಹೋದರೂ ಬೇಸರ ಬೇಡ, ಆಗ ಶಾಸನ ಹುಡುಕಿಕೊಂಡು ಬಂದವರು ಪ್ರತಿ ಕೋಡಿಗೂ ಇಳಿದು ನೋಡಲು ಆಗುತ್ತಿರಲಿಲ್ಲ.


ಕೆರೆಕೋಡಿ:

ಮೇಷ್ಟ್ರೇ, ನಿನ್ನೆ ಸಂಜೆ ಹೋಗಿ ಬಂದೆ. ಕೈ ಇನ್ನೂ ನಡುಗುತ್ತಿದೆ ಅಂದರೆ ನಂಬಿ.

ತಮ್ಮ ಕೊಡದಲ್ಲಿ ನೀರು ಹೊತ್ತು ತಂದ. ಹಳೆಯ ಬಟ್ಟೆಯಲ್ಲಿ ಪಾಚಿ ನೆನೆಸಿ ನೆನೆಸಿ ತೆಗೆದೆವು. ಕಲ್ಲಿನ ಬುಡ ಒಂದು ಗೇಣು ಮಣ್ಣಿನಲ್ಲಿ ಹೂತಿದೆ. ಅಗೆಯಲಿಲ್ಲ, ಕೈಯಲ್ಲೇ ಸ್ವಲ್ಪ ಸರಿಸಿದೆವು. ಕತ್ತಲಾದ ಮೇಲೆ ಟಾರ್ಚು ಹಿಡಿದೆ.

ಮಾಸ್ತಿಕಲ್ಲು ಅಲ್ಲವೇ ಅಲ್ಲ. ಮೂರು ಅಂತಸ್ತು ಇದೆ. ಮೇಲಿನದರಲ್ಲಿ ಲಿಂಗ, ಪಕ್ಕದಲ್ಲಿ ಕೂತವನ ಮುಖ ಸವೆದುಹೋಗಿದೆ, ಕೈಮುಗಿದಿರುವುದು ಮಾತ್ರ ಕಾಣುತ್ತದೆ. ನಡುವೆ ಮೂವರು, ನಡುವಿನವನ ಎರಡೂ ತೋಳು ಪಕ್ಕದವರ ಹೆಗಲ ಮೇಲೆ. ಕೆಳಗೆ ಒಬ್ಬ ಬಿಲ್ಲು ಹಿಡಿದು ನಿಂತಿದ್ದಾನೆ, ಎದುರಿಗೆ ಇಬ್ಬರು. ಅವನ ಕಾಲ ಹತ್ತಿರ ಮೊದಲು ಬರೀ ಉಬ್ಬು ಅಂದುಕೊಂಡೆ. ಟಾರ್ಚನ್ನು ಇನ್ನೂ ಕೆಳಗೆ ಇಳಿಸಿದಾಗ ಕೊಂಬು ಕಾಣಿಸಿತು. ಒಂದರ ಹಿಂದೆ ಒಂದು ಮೂರು ದನ. ಮೂರನೆಯದು ತಲೆ ಹಿಂದಕ್ಕೆ ತಿರುಗಿಸಿ ಅವನನ್ನೇ ನೋಡುತ್ತಿದೆ. ತಮ್ಮ ಏನೂ ಮಾತಾಡಲಿಲ್ಲ, ಸುಮ್ನೆ ಕೂತುಬಿಟ್ಟ. ನಾವು ಅದರ ಪಕ್ಕದಲ್ಲೇ ಎಮ್ಮೆ ತೊಳೆದು ದೊಡ್ಡವರಾದವರು.

ಬರಹ ಎರಡು ಸಾಲು. ಜಾಸ್ತಿ ಸವೆದಿದೆ. ನನಗೆ ಓದಲು ಬಂದಿದ್ದು ಒಂದು ಜಾಗ ಮಾತ್ರ. "ತು" ಅನ್ನುವ ಹಾಗಿದೆ, ಅದರ ಮುಂದೆ ಎರಡು ಸುತ್ತು ಅಂಟಿಕೊಂಡ ಹಾಗೆ ಒಂದು ಅಕ್ಷರ, ಅದಕ್ಕೆ ಕೊಂಬು. ಅದು ಯಾವ ಅಕ್ಷರ?


ಶಿಕಾರಿಪುರದ ಮೇಷ್ಟ್ರು:

ತಾಯೀ, ಅದು ಱ. ಈಗ ನಾವು ಬಳಸದ ಹಳೆಯ ಅಕ್ಷರ, ಶಕಟ ರೇಫ ಅನ್ನುತ್ತಾರೆ. ರ ಬೇರೆ, ಱ ಬೇರೆ. ನೀವು ಓದಿದ್ದು "ತುಱು". ಹಸು, ದನ ಅಂತ ಅರ್ಥ. ಇಂಥ ಕಲ್ಲುಗಳಲ್ಲಿ "ತುಱುವಂ ಮಗುೞ್ಚಿ" ಅಂತ ಬರುವುದುಂಟು, ಅಂದರೆ ದನಗಳನ್ನು ಹಿಂದಕ್ಕೆ ತಿರುಗಿಸಿ. ಕೆತ್ತಿದವನು ಮೂರನೆಯ ದನದ ತಲೆ ಹಿಂದಕ್ಕೆ ತಿರುಗಿಸಿದ್ದಾನೆ ಅಂದಿರಲ್ಲ, ಓದಿ ನನಗೂ ಕಣ್ಣು ತುಂಬಿತು.

ಕಾಲ ಹೇಳಲು ಅವಸರ ಮಾಡಬೇಡಿ. ರಾಜನ ಹೆಸರೋ ಶಕವರ್ಷವೋ ಸಿಕ್ಕರೆ ಸರಿ, ಇಲ್ಲದಿದ್ದರೆ ಅಕ್ಷರದ ರೂಪ ನೋಡಿ ಗೊತ್ತಿದ್ದವರು ಅಂದಾಜು ಹೇಳಬೇಕು. ಕಾಗದ ಒದ್ದೆ ಮಾಡಿ ಬಡಿದು ಮಸಿ ಹಾಕಿ ಪಡಿಯಚ್ಚು ತೆಗೆಯುತ್ತಾರೆ, ಅದನ್ನು ಅನುಭವ ಇದ್ದವರ ಕೈಯಲ್ಲೇ ಮಾಡಿಸಿ. ಅಲ್ಲಿಯವರೆಗೆ ಕಲ್ಲನ್ನು ಅಲ್ಲಿಂದ ಅಲುಗಿಸಬೇಡಿ. ದೇವಸ್ಥಾನದ ಅಂಗಳಕ್ಕೆ ತಂದಿಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಅವನು ಬಿದ್ದಿದ್ದು ಆ ಕೋಡಿಯ ಹತ್ತಿರವೇ ಇರಬಹುದು.


ಹಿನ್ನೀರು:

ನಿಮ್ಮ ಮಾತೆಲ್ಲ ಓದುತ್ತಿದ್ದೇನೆ. ಹೊಟ್ಟೆಯಲ್ಲಿ ಏನೋ ಆಗುತ್ತಿದೆ. ನಿಮಗೆ ಸುತ್ತು ಹಾಕಲು ಕೆರೆ ಇದೆ, ಟಾರ್ಚು ಹಿಡಿಯಲು ಕಲ್ಲು ಇದೆ. ನಮ್ಮೂರು ನೀರಿನಡಿ ಇದೆ.

ಶರಾವತಿಗೆ ಮೊದಲು ಕಟ್ಟಿದ್ದು ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು, 1948ರಲ್ಲಿ. ಆಗ ಒಂದಿಷ್ಟು ಊರು ಹೋದವು. ಆಮೇಲೆ ಲಿಂಗನಮಕ್ಕಿ, 1964ರಲ್ಲಿ. 1819 ಅಡಿಯವರೆಗೆ ನೀರು ನಿಲ್ಲುತ್ತದೆ, ತುಂಬಿದರೆ 151 ಟಿಎಂಸಿ. ಆ ನೀರು ಹಿರೇಭಾಸ್ಕರ ಅಣೆಕಟ್ಟನ್ನೇ ಮುಳುಗಿಸಿತು ಅಂದಮೇಲೆ ನಮ್ಮ ಹೆಂಚಿನ ಮನೆಗಳು ಯಾವ ಲೆಕ್ಕ. ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಆ ಹಳೆಯ ಕಟ್ಟೆ ಪೂರ್ತಿ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ. ನಮ್ಮ ಮನೆಯವರು ಹೋಗುವುದು ಬೇರೆ ಕಡೆಗೆ. ನೀರು ಇಳಿದ ಕೆಸರಿನಲ್ಲಿ ಒಂದು ಕಲ್ಲು ಕಟ್ಟಡದ ಬಾವಿಯ ಬಾಯಿ ಇದೆ. ಅಜ್ಜಿ ಇರುವವರೆಗೆ ಪ್ರತಿ ಸಲ ಅದರ ಕಟ್ಟೆಯ ಮೇಲೆ ಕುಂಕುಮ ಇಟ್ಟು ಬರುತ್ತಿದ್ದರು. ಅಂಗಳ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು, ತೋಟಕ್ಕೆ ಇಳಿಯುವ ದಾರಿ ಎಲ್ಲಿತ್ತು ಅಂತ ಬರೀ ಕೆಸರಿನಲ್ಲಿ ನಡೆದು ತೋರಿಸುತ್ತಿದ್ದರು. ಅಡಿಕೆ ಮರದ ಬುಡಗಳು ಮಾತ್ರ ಸಾಲಾಗಿ ಕಪ್ಪಗೆ ಉಳಿದಿದ್ದವು.

ಲಾರಿಯಲ್ಲಿ ತಂದು ಜಿಲ್ಲೆಯ ಬೇರೆ ಬೇರೆ ತಾಲ್ಲೂಕಿನ ಕಾಡಿನಲ್ಲಿ ಇಳಿಸಿದರು. ಕೊಟ್ಟ ಜಾಗಕ್ಕೆ ಸರಿಯಾದ ಹಕ್ಕುಪತ್ರ ಇಲ್ಲದೆ ಇವತ್ತಿಗೂ ಒದ್ದಾಡುವ ಮನೆಗಳಿವೆ, ನಮ್ಮದೂ ಒಂದು. ನಾಡಿಗೆಲ್ಲ ಕರೆಂಟು ಹೋಯಿತು, ನಮ್ಮವರ ಎಷ್ಟೋ ಮನೆಗಳಲ್ಲಿ ಬಹಳ ವರ್ಷ ಚಿಮಣಿ ದೀಪವೇ ಇತ್ತು. ಊರು ಮುಳುಗದೆ ದ್ವೀಪದ ಹಾಗೆ ಉಳಿದ ತುಮರಿ ಕಡೆಯವರು ಲಾಂಚನ್ನೇ ನಂಬಿ ಆರು ದಶಕ ಕಳೆದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದಿದ್ದು 2025ರ ಜುಲೈನಲ್ಲಿ.

ನಾನು ಕೇಳುವುದು ಇಷ್ಟೇ. ನಿಮ್ಮೂರಿನಲ್ಲೋ ಪಕ್ಕದಲ್ಲೋ ಮುಳುಗಡೆಯಿಂದ ಬಂದವರು ಇದ್ದರೆ ಅವರನ್ನು "ಹೊರಗಿನಿಂದ ಬಂದವರು" ಅಂತ ಒಂದು ಸಾಲಿನಲ್ಲಿ ಮುಗಿಸಬೇಡಿ.


ಕೆರೆಕೋಡಿ:

ಇದ್ದಾರೆ. ಊರ ಕೆಳಗಿನ ಕೇರಿಗೆ ನಾವು "ಮುಳುಗಡೆ ಕೇರಿ" ಅಂತಲೇ ಅನ್ನುತ್ತೇವೆ. ಹುಟ್ಟಿದಾಗಿನಿಂದ ಹೇಳಿದ್ದೇನೆ, ಅದು ಯಾವ ಮುಳುಗಡೆ ಅಂತ ಒಂದು ದಿನವೂ ಕೇಳಿರಲಿಲ್ಲ. ತಪ್ಪಾಯಿತು. ನಾಳೆಯೇ ಹೋಗುತ್ತೇನೆ.


ಅಡಿಕೆ ಸಿಪ್ಪೆ:

ಒಳ್ಳೆಯ ಕೆಲಸ. ಒಂದೇ ಸಲಹೆ. ಗೇಣಿ, ಟೆನೆನ್ಸಿ, ಯಾರ ಜಮೀನು ಯಾರಿಗೆ ಹೋಯಿತು, ಇದನ್ನೆಲ್ಲ ಬಿಟ್ಟುಬಿಡಿ. ನಮ್ಮೂರಲ್ಲಿ ಒಬ್ಬರು ಹೀಗೇ ಬರೆಯಲು ಹೋಗಿ ಎರಡು ಮನೆಯವರು ಮಾತು ಬಿಟ್ಟರು. ಊರಿನ ಒಗ್ಗಟ್ಟು ಮುಖ್ಯ ಅಲ್ವಾ?


ಕೊಳಗ:

ಅಡಿಕೆ ಸಿಪ್ಪೆಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಅದನ್ನು ಬಿಟ್ಟರೆ ಆ ಚರಿತ್ರೆಯಲ್ಲಿ ನಮ್ಮ ಮನೆಯೇ ಇರುವುದಿಲ್ಲ.

ನಮ್ಮಜ್ಜ ಗೇಣಿ ರೈತ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಬೀಜ ಯಾವುದು ಗೊತ್ತಾ? ಕೊಳಗ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು. ವರ್ಷವಿಡೀ ದುಡಿದಿದ್ದು ಕಣದಲ್ಲೇ ಅಳೆದು ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು. ಶಾಂತವೇರಿ ಗೋಪಾಲಗೌಡರು ಬಂದರು. ಸಮಾಜವಾದಿ ನಾಯಕ ಲೋಹಿಯಾ ದೂರದಿಂದ ಬಂದು ಇಲ್ಲೇ ಬಂಧನಕ್ಕೊಳಗಾದರು. ಜಾಸ್ತಿ ಜನ ದೀವರು, ಅಕ್ಷರ ಬಾರದವರು. ಆಮೇಲೆ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ದೇವರಾಜ ಅರಸರ ಕಾಲದಲ್ಲಿ. ಉಳುವ ಗೇಣಿ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ 7 ಅರ್ಜಿ ಕೊಟ್ಟವರಿಗೆ ಜಮೀನಾಯಿತು. ನಮ್ಮ ಕಡೆ ಅದಕ್ಕೆ "ಡಿಕ್ಲರೇಷನ್ ಕೊಟ್ಟಿದ್ದು" ಅನ್ನುತ್ತಾರೆ. ಕೊಡಲು ಹೆದರಿದವರೂ ಇದ್ದಾರೆ. ಧಣಿಗಳ ಮುಖ ನೋಡಿ ಸುಮ್ಮನಾದವರು ಇವತ್ತೂ ಕೂಲಿಗೆ ಹೋಗುತ್ತಿದ್ದಾರೆ.

ನಮ್ಮ ಮನೆಯಲ್ಲಿ ಆ ಹಳೆಯ ಕೊಳಗ ಇದೆ. ಬಾಯಿಗೆ ಹಿತ್ತಾಳೆ ಪಟ್ಟಿ. ಅಜ್ಜ ಅದನ್ನು ಮಾರಲು ಬಿಡಲಿಲ್ಲ, ಸುಡಲೂ ಬಿಡಲಿಲ್ಲ. ಭೂಮಿ ಹುಣ್ಣಿಮೆಯ ದಿನ ಅಮ್ಮ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗುವಾಗ ಮನಸ್ಸಿಗೆ ಬರುವುದೇ ಇದು. ಈ ಗದ್ದೆಗೆ ಚರಗ (ಭೂಮಿತಾಯಿಯ ಎಡೆ) ಚೆಲ್ಲುವುದು ನಮ್ಮದು ಅಂತ ಆಗಿದ್ದು 1974ರ ಮೇಲೆ. ಮೊದಲೂ ಚೆಲ್ಲುತ್ತಿದ್ದರು, ಬೇರೆಯವರ ಗದ್ದೆಗೆ.

ಬೈದು ಬರೆಯಬೇಕಿಲ್ಲ. ಯಾರು ಉಳುತ್ತಿದ್ದರು, ಎಷ್ಟು ಗೇಣಿ, ಯಾವ ವರ್ಷ ಯಾರ ಹೆಸರಿಗೆ ಬಂತು, ಅಷ್ಟು ಇದ್ದ ಹಾಗೆ ಬರೆಯಲಿ.


ಅಡಿಕೆ ಸಿಪ್ಪೆ:

ಕೊಳಗದವರೇ, ನಾನು ಹಾಗೆ ಯೋಚನೆ ಮಾಡಿರಲಿಲ್ಲ. ನಮ್ಮದು ಜಮೀನು ಕಳೆದುಕೊಂಡ ಮನೆ. ಮನೆಯಲ್ಲಿ ಆ ಮಾತು ಬಂದರೆ ಅಪ್ಪ ಎದ್ದು ಹೋಗುತ್ತಿದ್ದರು. ಅದನ್ನೂ ಬರೆಯಬಹುದೇನೋ. ಯೋಚಿಸುತ್ತೇನೆ.


ಕಾನಂಚು:

ಕಾನಿನ ಬಗ್ಗೆ ಒಂದು ಮಾತು. ಕಾನು ಅಂದರೆ ಬರೀ ಕಾಡು ಅಂತ ಬರೆಯಬೇಡಿ. ಸೊರಬದ ಕಾನು ಬೇರೆಯೇ. ಹಸಿರು ಬತ್ತದ ಕಾಡು, ಒಳಗೆ ಕಾಳುಮೆಣಸಿನ ಬಳ್ಳಿ, ಬಗನೆ ಮರ, ಬುಡದಲ್ಲಿ ನೀರಿನ ಸೆಲೆ. ಕೆಳದಿ ಅರಸರ ಕಾಲದಿಂದ ಅದಕ್ಕೆ ಕಂದಾಯ ಇತ್ತು, ಕಾನು ಶಿಸ್ತು ಅನ್ನುತ್ತಿದ್ದರು. ಶಿಸ್ತು ಅನ್ನುವ ಕಂದಾಯದ ಕ್ರಮಕ್ಕೆ ಹೆಸರಾದವನು ಕೆಳದಿಯ ಶಿವಪ್ಪ ನಾಯಕ. ಒಂದೊಂದು ಬಗೆಯ ನೆಲದಲ್ಲಿ 12 ವರ್ಷ ಸರ್ಕಾರದ ಖರ್ಚಿನಲ್ಲೇ ಬೆಳೆ ತೆಗೆಸಿ, ಬೀಜ ಎಷ್ಟು, ಖರ್ಚು ಎಷ್ಟು, ಬಂದಿದ್ದು ಎಷ್ಟು ಅಂತ ಬರೆಸಿ, ಸರಾಸರಿ ತೆಗೆದು ಕಂದಾಯ ಕಟ್ಟಿದನಂತೆ. 1645ರಿಂದ 1660ರವರೆಗೆ ಆಳಿದವನು.

1868ರ ಸರ್ಕಾರಿ ವರದಿಯೊಂದರಲ್ಲಿ ಸೊರಬದ 171 ಕಾನುಗಳ ಲೆಕ್ಕ ಇದೆ, ಬ್ರಾಂಡಿಸ್ ಮತ್ತು ಗ್ರಾಂಟ್ ಬರೆದಿದ್ದು. ಈಗ ಎಷ್ಟು ಉಳಿದಿವೆ ಅಂತ ನಿಮ್ಮ ಊರ ಸುತ್ತ ನೀವೇ ನೋಡಿ. ನಮ್ಮ ಕಡೆ ನೀಲಗಿರಿ, ಅಕೇಶಿಯಾ ನಿಂತ ಕಡೆ ಬಾವಿ ಮೊದಲು ಬತ್ತುತ್ತದೆ. ಕಾನಿನ ಅಂಚಿನ ಬಾವಿ ಏಪ್ರಿಲ್‌ವರೆಗೂ ಹಿಡಿಯುತ್ತದೆ.

ಇನ್ನೊಂದು. ನಮ್ಮ ತಾಲ್ಲೂಕಿನ ಕ್ಯಾಸನೂರು ಎಷ್ಟು ದೊಡ್ಡ ಊರು? ಸಣ್ಣ ಊರೇ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೆ ಜ್ವರ ಬಂತು. ಉಣುಗಿನಿಂದ ಹರಡುವ ಆ ರೋಗಕ್ಕೆ ಜಗತ್ತಿನ ವೈದ್ಯರೆಲ್ಲ ಅದೇ ಊರಿನ ಹೆಸರು ಇಟ್ಟಿದ್ದಾರೆ. ನಾವು ಮಂಗನ ಕಾಯಿಲೆ ಅನ್ನುತ್ತೇವೆ. ನಿಮ್ಮೂರಿನಲ್ಲಿ ಅದರಿಂದ ಯಾರಾದರೂ ತೀರಿಕೊಂಡಿದ್ದರೆ ಮನೆಯವರನ್ನು ಕೇಳಿ ಬರೆಯಿರಿ. ಸೊಪ್ಪು, ದರಗು ತರಲು ಕಾಡಿಗೆ ಹೋದವರಿಗೇ ಬಂದಿದ್ದು ಜಾಸ್ತಿ.


ಕೆರೆಕೋಡಿ:

ಎರಡು ವಾರ ಆಯಿತು, ಎಲ್ಲರಿಗೂ ಒಟ್ಟಿಗೆ ಹೇಳುತ್ತಿದ್ದೇನೆ.

ಗ್ರಾಮ ನಕಾಶೆ ತರಿಸಿದೆ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಜಗಲಿಯ ಮೇಲೆ ಹರವಿದ್ದೇವೆ. ಬಂದವರೆಲ್ಲ ಒಂದೊಂದು ಹೆಸರು ಹೇಳಿ ಹೋಗುತ್ತಾರೆ. ಅರವತ್ತು ದಾಟಿದೆ. ಹಳೇಮನೆ ಹಕ್ಕಲಿನಲ್ಲಿ ಹೆಂಚಿನ ಚೂರು ಸಿಗಲಿಲ್ಲ, ಆದರೆ ಲಂಟಾನದ ನಡುವೆ ಒಂದು ಬೀಸುವ ಕಲ್ಲಿನ ಅರ್ಧ ಸಿಕ್ಕಿತು. ಸರಪಳಿಯವರೇ, ಅದಕ್ಕೆ ಲೆಕ್ಕ ಇದೆಯಾ?

ಮುಳುಗಡೆ ಕೇರಿಗೆ ಮೂರು ಸಲ ಹೋದೆ. ಅಲ್ಲಿಯ ಹಿರಿಯರೊಬ್ಬರು ಮಗುವಾಗಿದ್ದಾಗ ಲಾರಿಯಲ್ಲಿ ಬಂದವರು. ಲಾರಿಯ ಮೇಲೆ ತುಳಸಿ ಕಟ್ಟೆಯ ಮಣ್ಣನ್ನು ಬುಟ್ಟಿಯಲ್ಲಿ ಅವರ ತೊಡೆಯ ಮೇಲೆ ಇಟ್ಟಿದ್ದರಂತೆ. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಅವರಿಗೆ ಗಂಜಿಗೆ ಅಕ್ಕಿ ಕೊಟ್ಟವರು ಯಾರು, ಬಾವಿಯ ನೀರು ಕೊಡದವರು ಯಾರು, ಎರಡನ್ನೂ ಹೇಳಿದರು. ನೀರು ಕೊಡದ ಮನೆಗಳಲ್ಲಿ ನಮ್ಮದೂ ಇತ್ತು. ಹೇಳುವಾಗ ಅವರೇ ನನ್ನ ಕೈ ಹಿಡಿದುಕೊಂಡರು. ಬರೆದುಕೊಂಡಿದ್ದೇನೆ, ಬಿಡುವುದಿಲ್ಲ.

ಕಡೆಯದಾಗಿ ಅತ್ತೆಬೈಲು. ಆ ಗದ್ದೆಯಲ್ಲಿ ನಲವತ್ತು ವರ್ಷ ನೆಟ್ಟಿ ನೆಟ್ಟ ಒಬ್ಬ ಅಜ್ಜಿ ಮೇಲಿನ ಕೇರಿಯಲ್ಲಿದ್ದಾರೆ. ಕಣ್ಣು ಕಾಣುವುದಿಲ್ಲ. ಹೆಸರು ಹೇಳಿದ ತಕ್ಷಣ "ಅದು ನಿಮ್ಮಜ್ಜನ ಅತ್ತೆಯದಲ್ವನೇ" ಅಂದರು. ಮದುವೆಯಾಗಿ ಹೋದ ವರ್ಷದೊಳಗೆ ಗಂಡ ಚಳಿಜ್ವರದಲ್ಲಿ ಸತ್ತು, ತಲೆ ಬೋಳಿಸಿಕೊಂಡು ತವರಿಗೆ ವಾಪಸು ಬಂದವರಂತೆ. ಅವರ ಅಣ್ಣ, ಅಂದರೆ ನನ್ನ ಮುತ್ತಜ್ಜ, "ನೀನು ಯಾರ ಕೈಯನ್ನೂ ಕಾಯಬೇಡ" ಅಂತ ಊರಿನಲ್ಲೇ ಒಳ್ಳೆಯ ಬೈಲು ಗದ್ದೆಯನ್ನು ಅವರ ಊಟಕ್ಕೆ ಬಿಟ್ಟುಕೊಟ್ಟರು. ಅವರು ಬದುಕಿರುವವರೆಗೆ ಆ ಗದ್ದೆಯ ಭತ್ತ ಬೇರೆ ಕಣಜಕ್ಕೆ ಹೋಗುತ್ತಿತ್ತು. ಹಸಿದು ಬಂದವರಿಗೆ ಅವರು ಅದರಿಂದಲೇ ಅಳೆದು ಕೊಡುತ್ತಿದ್ದರು.

ಪಹಣಿ, ಹಳೆಯ ಖಾತೆ, ಇನ್‌ಡೆಕ್ಸ್ ಎಲ್ಲ ಹುಡುಕಿದೆ. ಎಲ್ಲೂ ಅವರಿಲ್ಲ. ಅವರ ಹೆಸರು ಏನು ಅಂತ ಅಜ್ಜಿಯನ್ನು ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿ, "ಎಲ್ಲರೂ ಅತ್ತೆ ಅಂತಲೇ ಕರೀತಿದ್ರು ಮಗಾ" ಅಂದರು.


ಸರಪಳಿ:

ಬೀಸುವ ಕಲ್ಲಿಗೆ ಖಂಡಿತ ಲೆಕ್ಕ ಇದೆ, ಸಿಕ್ಕ ಜಾಗ ಗುರುತು ಮಾಡಿಡಿ. ಅತ್ತೆಬೈಲಿನ ಸರ್ವೆ ನಂಬರು ಹಿಸ್ಸಾ (ಪಾಲು) ಆಗಿದೆಯಾ? ಹಳೆಯ ಟಿಪ್ಪಣಿಯಲ್ಲಿ ಅದರ ಸುತ್ತ ಬೇರೆ ಬದು ಹಾಕಿದ ಗುರುತು ಇರಬಹುದು. ಮುಂದಿನ ಭಾನುವಾರ ನಾನು ಸೊರಬದ ಕಡೆ ಬರುತ್ತೇನೆ. ನಕಾಶೆ ಮಡಚಬೇಡಿ, ಸುರುಳಿ ಸುತ್ತಿ ಇಟ್ಟಿರಿ.